ಎರಡು ಸೆಂಟಿಮೀಟರು

ನನ್ನ ಕಸುಬು ಮೆಟ್ಟಿಲು ಅಳೆಯುವುದು.
ಯಾರಾದರೂ ಬಿದ್ದ ಮೇಲೆ ಕರೆಯುತ್ತಾರೆ. ಬೀಳುವ ಮೊದಲು
ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಕರೆದದ್ದಿಲ್ಲ.
ಟೇಪು, ಮಟ್ಟಗೋಲು, ಮಂಡಿಗೆ ಕಟ್ಟುವ ಎರಡು ರಬ್ಬರು ಚಿಪ್ಪು.
ಹೋದವನೇ ಮಂಡಿಯೂರುತ್ತೇನೆ. ದೂರದಿಂದ ಕಂಡವರು
ಪ್ರಾರ್ಥನೆ ಅಂದುಕೊಂಡದ್ದುಂಟು.

ಸೇಂಟ್ ಜಾನ್ಸ್ ಕಡಲಿಗೆ ಜಾರುತ್ತಲೇ ಇರುವ ಊರು.
ಬೀದಿಗಳು ಬಂದರಿನತ್ತ ಇಳಿದು ಬರುವ ರಭಸ ನೋಡಿದರೆ
ಯಾರೋ ಹಿಂದಿನಿಂದ ನೂಕಿದ ಹಾಗಿದೆ.
ಅಂಥದೊಂದು ಬೀದಿಯ ನೆಲಮಾಳಿಗೆಯಲ್ಲಿ
ಲಿಯಾಂಡರ್ ಪೈಕ್‌ನ ಲಾಂಡ್ರಿ. ಇಳಿಯಲು ಏಳು ಮೆಟ್ಟಿಲು.
ಆರರ ಎತ್ತರ ಹದಿನೆಂಟು.
ಕೆಳಗಿನಿಂದ ಮೂರನೆಯದು ಇಪ್ಪತ್ತು.

ಎರಡು ಸೆಂಟಿಮೀಟರು ಏನು ಮಹಾ, ಹೆಬ್ಬೆರಳಿನಗಲ,
ಅಂದ ವಿಮಾ ಕಂಪನಿಯ ವಕೀಲ.
ಕಾಲಿಗೆ ಕಣ್ಣಿಲ್ಲ, ಅಂದೆ ಕಟಕಟೆಯಿಂದ.
ಮೊದಲೆರಡು ಮೆಟ್ಟಿಲಲ್ಲಿ ಪಾಠ ಕಲಿತು
ಉಳಿದದ್ದನ್ನು ಅದು ಬಾಯಿಪಾಠ ಒಪ್ಪಿಸುತ್ತದೆ.
ನಡುವೆ ಯಾರೋ ಒಂದಕ್ಷರ ತಿದ್ದಿಟ್ಟಿದ್ದರೆ
ಅದಕ್ಕೆ ಹೇಗೆ ಗೊತ್ತಾಗಬೇಕು?

ಫಿಲೊಮಿನಾ ಟಿಜರ್ಡ್, ಅರವತ್ತೊಂದು, ಆಸ್ಪತ್ರೆಯ ಅಡುಗೆಮನೆಯವಳು.
ಫೆಬ್ರವರಿ, ಬೆಳಗಿನ ಏಳೂಕಾಲು,
ಎದೆಗವಚಿದ ಬೆಡ್‌ಶೀಟಿನ ಗಂಟು, ಕಾಲಡಿ ಗಾಜಾಗಿ ಗಟ್ಟಿದ ಹಿಮ.
ಸೊಂಟದ ಮೂಳೆ ಮುರಿದ ಸದ್ದು
ಒಳಗಿನ ಯಂತ್ರಗಳ ಗಿರಗಿರದಲ್ಲಿ ಯಾರಿಗೂ ಕೇಳಿಸಲಿಲ್ಲ.
ಬಾಗಿಲ ಹಿಂದೆ ಉಪ್ಪಿನ ಬಕೆಟ್ಟು, ತುಂಬಿದ್ದು, ಮುಚ್ಚಳ ತೆಗೆಯದ್ದು.
ಉಪ್ಪು ತಿಂದವನು ನೀರು ಕುಡಿಯಲೇಬೇಕು.
ಉಪ್ಪು ಚೆಲ್ಲದವನೂ.

ಬಿದ್ದವಳು ಮೊದಲು ಆಡಿದ ಮಾತು: ಕ್ಷಮಿಸಿ.
ಮೆಟ್ಟಿಲಿಗೋ, ಎತ್ತಲು ಓಡಿಬಂದ ಹುಡುಗನಿಗೋ,
ರಾಡಿಯಾದ ಬಿಳಿ ಬಟ್ಟೆಗೋ.
ಬಾಗಿಲು ತಾಗಿದರೆ ಬಾಗಿಲಿನ ಕ್ಷಮೆ ಕೇಳುವ ಹೆಂಗಸು ಅವಳು.
ವಕೀಲ ಅದನ್ನೇ ಹಿಡಿದ. ನೋಡಿ, ಒಪ್ಪಿಕೊಂಡಿದ್ದಾಳೆ.
ನ್ಯಾಯಾಧೀಶೆ ಕನ್ನಡಕದ ಮೇಲಿಂದ ನೋಡಿದಳು:
ಈ ಪ್ರಾಂತ್ಯದಲ್ಲಿ ಇದಕ್ಕೆಂದೇ ಕಾಯಿದೆಯಿದೆ,
ಕ್ಷಮೆ ಕೇಳಿದ್ದು ತಪ್ಪೊಪ್ಪಿಗೆಯಲ್ಲ.

ಹಿಂದಿನ ಬೆಂಚಲ್ಲಿ ಲಿಯಾಂಡರ್ ತಲೆಯೆತ್ತಿದ.
ಅವನಿಗೆ ಯಾರೂ ಇದನ್ನು ಹೇಳಿರಲಿಲ್ಲ.
ವಿಮೆಯವರು ಹೇಳಿದ್ದು ಒಂದೇ, ಬಾಯಿ ಬಿಡಬೇಡ.
ಎರಡು ಚಳಿಗಾಲ, ಅವಳು ಕೋಲೂರಿ ಎದುರಾದಾಗೆಲ್ಲ
ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತಿದ್ದವನು.

ತೀರ್ಪು ಬಂತು. ನೂರರಲ್ಲಿ ಎಂಬತ್ತು ಪಾಲು ತಪ್ಪು ಅವನದು,
ಇಪ್ಪತ್ತು ಅವಳದು, ಕೈಕಂಬಿ ಹಿಡಿಯದ್ದಕ್ಕೆ.
ಎರಡೂ ಕೈಯಲ್ಲಿ ಗಂಟಿತ್ತು. ಇರಲಿ.
ಹಣವನ್ನು ಹಾಗೆ ಭಾಗಿಸಬಹುದು.
ನೋವಿನಲ್ಲಿ ಅವಳ ಪಾಲಿನ ಇಪ್ಪತ್ತು ಯಾವುದು?
ಐದು ರಾತ್ರಿಗೊಂದು ರಾತ್ರಿಯೇ?
ಮಗ್ಗುಲು ಬದಲಿಸುವಾಗಿನ ಮೊದಲ ಚುಚ್ಚೇ?
ನನ್ನ ಟೇಪಿನಲ್ಲಿ ಅದಕ್ಕೆ ಗೆರೆಯಿಲ್ಲ.

ಲಿಯಾಂಡರ್ ಮೆಟ್ಟಿಲು ಒಡೆಸಿದ. ಅವನಪ್ಪ ಒಂದು ಬೇಸಗೆಯಲ್ಲಿ
ಡೊಂಕು ಹಲಗೆ ನಿಲ್ಲಿಸಿ ತಾನೇ ಸುರಿದ ಕಾಂಕ್ರೀಟು.
ಒಡೆಯಲು ಮೂರು ದಿನ ಹಿಡಿಯಿತು,
ಅಷ್ಟು ಗಟ್ಟಿಯಾಗಿ ಕಟ್ಟಿದ್ದ ತಪ್ಪು.
ಈಗ ಏಳೂ ಒಂದೇ ಸಮ, ಅಂಚಿಗೆ ಹಳದಿ ಬಣ್ಣ,
ಉಪ್ಪಿನ ಬಕೆಟ್ಟು ಬಾಗಿಲ ಹೊರಗೆ.

ವಾರ ಕಳೆದು ಫೋನು. ಅಳತೆ ಸರಿಯಿದೆಯಾ ಬಂದು ನೋಡು,
ಹಳೆಯ ಗಿರಾಕಿಗಳೆಲ್ಲ ಅಲ್ಲೇ ಮುಗ್ಗರಿಸುತ್ತಿದ್ದಾರೆ.
ಬೀಳುವ ಮೊದಲು ಬಂದ ಮೊದಲ ಕರೆ.
ಹೋದೆ, ಮಂಡಿಯೂರಿದೆ. ಕೂದಲೆಳೆಯ ವ್ಯತ್ಯಾಸವಿಲ್ಲ.
ಕಾಲು ಮರೆಯಬೇಕು, ಅಂದೆ, ಸ್ವಲ್ಪ ದಿನ ಕೊಡು.

ಅಷ್ಟರಲ್ಲಿ ಮೇಲೆ ಅವಳು. ಒಂದು ಕೈ ಕಂಬಿಗೆ, ಇನ್ನೊಂದು ಕೋಲಿಗೆ.
ಅವನು ಹತ್ತಿ ಹೋಗಿ ಗಂಟು ತೆಗೆದುಕೊಂಡ.
ಒಂದು, ಎರಡು, ಮೂರು, ನಾಲ್ಕು.
ಐದನೆಯದರಲ್ಲಿ ಅವಳ ಕಾಲು
ಇಲ್ಲದ ಎರಡು ಸೆಂಟಿಮೀಟರಿಗೆ ಚಾಚಿತು.
ನೆಲ ಬೇಗ ಬಂತು, ಧಪ್ಪೆಂದು.

ಕ್ಷಮಿಸಿ, ಅಂದ ಲಿಯಾಂಡರ್.

ಬಿಳಿಯದನ್ನು ಬೇರೆ ಹಾಕು, ಅಂದಳು ಅವಳು.